ಹಿಂದಿನಿಂದ ತಳ್ಳುವ ಕಸುವು

ಬೆಳಗಾವಿ ಜಿಲ್ಲೆಯ ಚಚಡಿ, ಇಂಚಲ, ಮುರಗೋಡದ ಸೀಮೆಯಲ್ಲಿ ಹುಡುಗರ ಕೈಗೆ ಮೊದಲು ಸಿಗುವ ಸ್ಟೇರಿಂಗು ಹೆಚ್ಚಾಗಿ ಟ್ರ್ಯಾಕ್ಟರಿನದು. ಎಂಜಿನ್ನಿನ ಕಸುವೆಲ್ಲ ಹಿಂದಿನ ದೊಡ್ಡ ಗಾಲಿಗಳಿಗೆ ಹೋಗುತ್ತದೆ, ಮುಂದಿನ ಸಣ್ಣ ಗಾಲಿಗಳಿಗೆ ಹೊರಳುವ ಕೆಲಸವಷ್ಟೇ ಎಂಬುದನ್ನು ಯಾರೂ ಪಾಠ ಮಾಡಿ ಹೇಳುವುದಿಲ್ಲ. ಅದು ಮೈಗೆ ತಾನೇ ತಿಳಿಯುತ್ತದೆ. ಕಬ್ಬು ಹೇರಿದ ಟ್ರೇಲರ್ ಎಳೆಯುತ್ತ ದಿಬ್ಬ ಹತ್ತುವಾಗ ಮುಂದಿನ ಗಾಲಿಗಳು ನೆಲ ಬಿಟ್ಟರೆ ಸ್ಟೇರಿಂಗ್ ಎಷ್ಟು ತಿರುವಿದರೂ ಗಾಡಿ ಮಾತು ಕೇಳುವುದಿಲ್ಲ. ಕಸುವಿಗೆ ಕೊರತೆಯಿಲ್ಲ, ದಿಕ್ಕು ಮಾತ್ರ ಕೈತಪ್ಪಿರುತ್ತದೆ.

ಹಿರಿಯರು ಓಡಿಸಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಆಮೇಲೆ ಬಂದ ಓಮ್ನಿ, ಎಲ್ಲವೂ ಹಿಂದಿನ ಗಾಲಿಯ ಬಲದಿಂದಲೇ ಓಡಿದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು; ಮುಂದಿನ ಗಾಲಿ ಎಳೆಯುವ ಕಾರುಗಳು ಕ್ರಮೇಣ ಮನೆಮನೆ ಸೇರಿದವು. ಇಂದು ಹಿಂದಿನ ಗಾಲಿಯ ಕಾರನ್ನು ಮತ್ತೆ ಆಸೆಪಟ್ಟು ಹುಡುಕುವವರು ಸ್ಪೋರ್ಟ್ಸ್ ಕಾರಿನ ಮೋಹಿಗಳು. 1963ರಲ್ಲಿ ಜಗತ್ತಿನೆದುರು ಬಂದ ಪೋರ್ಷೆ 911, 1989ರ ಮಾಜ್ದಾ ಎಂಎಕ್ಸ್-5, 2016ರಲ್ಲಿ ಸುಮಾರು 65 ಲಕ್ಷ ರೂಪಾಯಿಗೆ ಭಾರತಕ್ಕೆ ಬಂದ ಫೋರ್ಡ್ ಮಸ್ಟಾಂಗ್, ಈ ಎಲ್ಲವುಗಳ ಹುಟ್ಟುಗುಣ ಅದೇ.

ಸಿದ್ಧಾರೂಢರ ಮಠದ ಪ್ರವಚನ ಕೇಳುತ್ತ ಬೆಳೆದ ಮನೆಯಲ್ಲಿ ಇಂಥ ಕಾರಿನ ಮಾತು ಎದ್ದರೆ ಜೊತೆಗೊಂದು ಪ್ರಶ್ನೆಯೂ ಏಳುತ್ತದೆ. ಟ್ರ್ಯಾಕ್ಟರು ಹೊಲ ಉಳುತ್ತದೆ, ಓಮ್ನಿ ಎಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನೆಲ್ಲ ಒಯ್ಯುತ್ತದೆ. ಇಬ್ಬರಿಗೆ ಮಾತ್ರ ಆರಾಮಾಗಿ ಕೂರಲು ಜಾಗವಿರುವ, ನೆಲಕ್ಕೆ ನಾಲ್ಕೈದು ಇಂಚು ಮೇಲೆ ಕೂತ, ವೇಗದ ಸುಖ ಬಿಟ್ಟರೆ ಬೇರೆ ಉಪಯೋಗವಿಲ್ಲದ ಯಂತ್ರವನ್ನು ಕೊಳ್ಳುವುದು ಸರಿಯೇ? ಇಂದ್ರಿಯನಿಗ್ರಹದ ಮಾತನ್ನು ನಿಜವೆಂದು ನಂಬಿದವನು ಕಾಲ ಕೆಳಗೆ ಮುನ್ನೂರು, ನಾನೂರು ಅಶ್ವಶಕ್ತಿಯನ್ನು ಇಟ್ಟುಕೊಳ್ಳಬಹುದೇ?

ಹಣದ ಮಾತನ್ನು ಮೊದಲು ಮುಗಿಸಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ. 18. ಎರೆಹೊಲ ಒತ್ತೆಯಿಟ್ಟು ಕೊಳ್ಳುವವನಿಗೆ ಉಪನಿಷತ್ತು ಬೇಡ, ಮನೆಯ ಹಿರಿಯರ ಒಂದು ಬೈಗುಳ ಸಾಕು. ಸಾಲವಿಲ್ಲದೆ, ಯಾರ ಪಾಲನ್ನೂ ಕಸಿಯದೆ ಕೊಳ್ಳಬಲ್ಲವನ ಮುಂದೆ ಮಾತ್ರ ನಿಜವಾದ ಪ್ರಶ್ನೆ ನಿಲ್ಲುತ್ತದೆ. ಅಲ್ಲಿ ಅಲ್ಲಮಪ್ರಭುವಿನ ನಿಲುವು ನೆರವಿಗೆ ಬರುತ್ತದೆ. ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕಿ ಅವುಗಳ ಮೇಲೆ ತಪ್ಪು ಹೊರಿಸುವುದನ್ನು ಅಲ್ಲಮ ಒಪ್ಪಲಿಲ್ಲ. ಮನಸ್ಸಿನ ಹಂಬಲದ ಕಡೆಗೆ ಬೆರಳು ತೋರಿಸಿದ. ಹಾಗಾದರೆ ಕಾರನ್ನು ಶೋರೂಮಿನಲ್ಲೇ ಬಿಟ್ಟು ಬಂದರೆ ಗೆದ್ದಂತೆ ಆಗುವುದಿಲ್ಲ. ಕೊಂಡರೆ ಸೋತಂತೆಯೂ ಅಲ್ಲ.

ಕಠೋಪನಿಷತ್ತಿನ ಮೊದಲ ಅಧ್ಯಾಯದ ಮೂರನೆಯ ವಲ್ಲಿಯಲ್ಲಿ ಯಮ ನಚಿಕೇತನಿಗೆ ರಥದ ರೂಪಕ ಹೇಳುತ್ತಾನೆ. ಆತ್ಮ ರಥದ ಒಡೆಯ, ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ವಿಷಯಗಳು ಆ ಕುದುರೆಗಳು ಓಡುವ ದಾರಿ. ಅಲ್ಲಿ ಕುದುರೆಗಳನ್ನು ಕೊಲ್ಲುವ ಮಾತಿಲ್ಲ ಎಂಬುದನ್ನು ಗಮನಿಸಬೇಕು. ಕುದುರೆಯಿಲ್ಲದ ರಥ ಊರು ಮುಟ್ಟುವುದಿಲ್ಲ. ಯಮ ಕೇಳುವುದು ಪಳಗಿದ ಕುದುರೆ, ಎಚ್ಚರವಿರುವ ಸಾರಥಿ.

ಆದರೆ ಆ ರಥದಲ್ಲಿ ಕುದುರೆಗಳು ಸಾರಥಿಯ ಕಣ್ಣಮುಂದೆ ಇವೆ. ಕಿವಿ ನಿಮಿರಿದ್ದು, ಕತ್ತು ಕೊಂಕಿದ್ದು ಅವನಿಗೆ ಕಾಣುತ್ತದೆ. ಹಿಂದಿನ ಗಾಲಿಯ ಕಾರಿನಲ್ಲಿ ಕಸುವು ಬರುವುದು ಬೆನ್ನ ಹಿಂದಿನಿಂದ. ಮನುಷ್ಯನ ಸ್ಥಿತಿಗೆ ಇದೇ ಹೆಚ್ಚು ಹತ್ತಿರ ಎನ್ನಬಹುದು. ನಮ್ಮ ಪರಂಪರೆ ವಾಸನೆ, ಸಂಸ್ಕಾರ, ಪ್ರಾರಬ್ಧ ಎಂದು ಕರೆದದ್ದೆಲ್ಲ ಹಿಂದಿನಿಂದ ತಳ್ಳುವಂಥದು. ಅದು ಮೊದಲು ಕಾಣುವುದಿಲ್ಲ, ಸೀಟಿನ ಮೂಲಕ ಸೊಂಟಕ್ಕೆ ತಿಳಿಯುತ್ತದೆ. ಒಳ್ಳೆಯ ಚಾಲಕರು ಕಾರು ಜಾರುವುದನ್ನು ಕಣ್ಣಿಗಿಂತ ಮೊದಲು ಸೊಂಟದಲ್ಲಿ ಗುರುತಿಸುತ್ತಾರೆ.

ಮೊದಲ ಮಳೆ ಬಿದ್ದ ಡಾಂಬರು ರಸ್ತೆ. ಧೂಳು, ಎಣ್ಣೆ ಕಲೆತು ಮೇಲೆ ಜಿಡ್ಡು ಕಟ್ಟಿದೆ. ಎಡಕ್ಕೆ ಹೊರಳುವ ತಿರುವಿನಲ್ಲಿ ಚಾಲಕ ಆಕ್ಸಿಲರೇಟರನ್ನು ತುಸು ಹೆಚ್ಚು ಒತ್ತುತ್ತಾನೆ. ಟೈರಿನ ಹಿಡಿತಕ್ಕೆ ಒಂದು ಮಿತಿಯುಂಟು; ಅಷ್ಟರಲ್ಲೇ ಅದು ಕಾರನ್ನು ಮುಂದಕ್ಕೂ ತಳ್ಳಬೇಕು, ಹೊರಗೆ ಸರಿಯದಂತೆಯೂ ಹಿಡಿಯಬೇಕು. ಎರಡೂ ಸೇರಿ ಮಿತಿ ಮೀರಿದಾಗ ಹಿಂಭಾಗ ಬಲಕ್ಕೆ ಜಾರುತ್ತದೆ, ಮೂತಿ ಇನ್ನಷ್ಟು ಎಡಕ್ಕೆ ತಿರುಗುತ್ತದೆ. ಹೆದರಿದವನು ಏನು ಮಾಡುತ್ತಾನೆ? ತಟ್ಟನೆ ಕಾಲು ಎತ್ತುತ್ತಾನೆ. ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಗಾಲಿಗಳು ಹಗುರಾಗುತ್ತವೆ, ಅವುಗಳಿಗೆ ಉಳಿದಿದ್ದ ಅಷ್ಟಿಷ್ಟು ಹಿಡಿತವೂ ಹೋಗುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಕಲಿತವನು ಕಾಲನ್ನು ಮೆಲ್ಲಗೆ ಸಡಿಲಿಸುತ್ತಾನೆ, ಸ್ಟೇರಿಂಗನ್ನು ಹಿಂಭಾಗ ಜಾರಿದ ಬಲಕ್ಕೇ ತಿರುಗಿಸುತ್ತಾನೆ, ಕಣ್ಣನ್ನು ರಸ್ತೆಬದಿಯ ಗುಂಡಿಯ ಮೇಲಲ್ಲ, ತಾನು ಹೋಗಬೇಕಾದ ದಾರಿಯ ಮೇಲೆ ನೆಡುತ್ತಾನೆ. ಎಂಜಿನ್ ಹಿಂದೆ ಇರುವ ಹಳೆಯ 911 ಇದೇ ಗುಣಕ್ಕೆ ಕುಖ್ಯಾತವಾಗಿತ್ತು. ತಿರುವಿನ ನಡುವೆ ಕಾಲು ಎತ್ತಿದವರನ್ನು ಅದು ಸುಮ್ಮನೆ ಬಿಡುತ್ತಿರಲಿಲ್ಲ.

ಈ ಬರಹದ ನಂಬಿಕೆಯೆಲ್ಲ ಇಲ್ಲಿ ನಿಂತಿದೆ. ಆಸೆಯ ಮೇಲೆ ಒಮ್ಮೆಗೇ ಹಾಕಿದ ತಡೆ ಆಸೆಯಷ್ಟೇ ಅಪಾಯಕಾರಿ. ಮರ್ಕಟವೈರಾಗ್ಯ, ಸ್ಮಶಾನವೈರಾಗ್ಯ ಎಂದು ನಮ್ಮ ಜನ ಹೆಸರಿಟ್ಟು ಗುರುತಿಸಿದ್ದು ಇದನ್ನೇ. ಗೀತೆಯ ಮೂರನೆಯ ಅಧ್ಯಾಯವೂ ಕೈಕಾಲು ಕಟ್ಟಿಹಾಕಿ ಮನಸ್ಸಿನಲ್ಲಿ ವಿಷಯವನ್ನೇ ಮೆಲುಕು ಹಾಕುವವನನ್ನು ಮಿಥ್ಯಾಚಾರಿ ಎನ್ನುತ್ತದೆ. ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ ಎಂದು ಅರ್ಜುನ ಹೇಳಿದಾಗ ಕೃಷ್ಣ ಅಲ್ಲಗಳೆಯುವುದಿಲ್ಲ. ಎರಡು ಉಪಾಯಗಳನ್ನು ಜೋಡಿಸಿ ಕೊಡುತ್ತಾನೆ: ಅಭ್ಯಾಸ ಮತ್ತು ವೈರಾಗ್ಯ. ಅಭ್ಯಾಸ ಮೊದಲು ಬರುತ್ತದೆ.

ಅಭ್ಯಾಸ ಎಂದರೇನೆಂದು ನೋಡಲು ಬೆಂಗಳೂರಿನ ರೇಸ್ ಚಾಲಕ ಕುಶ್ ಮೈನಿ ಇದ್ದಾರೆ. 2025ರ ಮೇ 24ರಂದು ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನು ಅವರು ಗೆದ್ದರು. ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯ ಅವರು. ಹಿಂದಿನ ಗಾಲಿಗಳಿಗೆ ಸುಮಾರು 620 ಅಶ್ವಶಕ್ತಿ ಹರಿಸುವ ಆ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ, ಗಾಲಿ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ನೆರವೂ ಇಲ್ಲ. ಟ್ರ್ಯಾಕಿನ ಬದಿಗೆ ಕಬ್ಬಿಣದ ಬೇಲಿ. ಅಲ್ಲಿ ಉಳಿಸುವುದು ಹುಡುಗಪ್ರಾಯದ ಕಾರ್ಟಿಂಗಿನಿಂದ ಪಳಗಿದ ಪಾದ.

ಮಾರಾಟಕ್ಕೆ ಸಿಗುವ ಇಂದಿನ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಎಚ್ಚರವನ್ನು ಯಂತ್ರವೂ ಹಂಚಿಕೊಳ್ಳುತ್ತದೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ತಂದ ಇಎಸ್‌ಪಿ ವ್ಯವಸ್ಥೆ, ಕಾರು ಅಡ್ಡಡ್ಡ ತಿರುಗತೊಡಗಿದ ಕ್ಷಣವೇ ಬೇಕಾದ ಗಾಲಿಗಷ್ಟೇ ಬ್ರೇಕ್ ಹಾಕಿ ನೇರ ಮಾಡಲು ನೋಡುತ್ತದೆ. ಹೊರಗಿನ ಕಟ್ಟಳೆ ಕಾಯುತ್ತಿರುವಾಗ ಒಳಗಿನ ಸಂಯಮ ಬೆಳೆಯುತ್ತದೆಯೇ ಎಂಬ ಹಳೆಯ ಚರ್ಚೆ ಇಲ್ಲಿ ಹೊಸ ರೂಪದಲ್ಲಿ ಬಂದಿದೆ. ಗುಂಡಿಯೊಂದನ್ನು ಒತ್ತಿ ಇಎಸ್‌ಪಿ ಬಂದ್ ಮಾಡಿದರೇ ನಿಜವಾದ ಚಾಲಕ ಎಂಬ ಜಂಬ ಹುಡುಗರಲ್ಲಿದೆ. ಊರ ರಸ್ತೆಯಲ್ಲಿ ಅದು ಶುದ್ಧ ಅಹಂಕಾರ. ಕಟ್ಟಳೆ ಬೇಡವಾಗುವ ಹಂತ ಸಿದ್ಧರಿಗೆ ಬರಬಹುದು, ಕಲಿಯುತ್ತಿರುವವನಿಗಲ್ಲ.

ಕಠೋಪನಿಷತ್ತಿನ ರಥದ ಎದುರಿಗೆ ಯಾರೂ ಬರುವುದಿಲ್ಲ. ಬೈಲಹೊಂಗಲ, ಯರಗಟ್ಟಿ ಕಡೆಯ ರಸ್ತೆಗಳಲ್ಲಿ ಬರುತ್ತಾರೆ: ಕುರಿಹಿಂಡು, ಸೈಕಲ್ಲಿನ ಶಾಲೆ ಹುಡುಗಿಯರು, ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರೇಲರ್, ಭಾರತ ಹುಣ್ಣಿಮೆಗೆ ಉಳವಿಗೆ, ಎಲ್ಲಮ್ಮನಿಗೆ ಹೊರಟ ಚಕ್ಕಡಿಗಳ ಸಾಲು. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣ. ಹಾಗಾಗಿ ಒಬ್ಬನ ಆತ್ಮನಿಗ್ರಹದ ಪ್ರಶ್ನೆ ಇಲ್ಲಿ ದಯೆಯ ಪ್ರಶ್ನೆಯೂ ಹೌದು. ಬಸವಣ್ಣನ ನಾಡಿನಲ್ಲಿ ಧರ್ಮದ ಬುಡವನ್ನು ಬೇರೆಲ್ಲಿಯೂ ಹುಡುಕಬೇಕಿಲ್ಲ. ಖಂಡೇನವಮಿಯಂದು ಗಾಲಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುವವರು ಆಯುಧದ ಶಕ್ತಿಗೆ ಕೈಮುಗಿಯುತ್ತಾರೆ. ಅದೇ ಗಾಲಿ ಎದುರಿನವನ ಜೀವಕ್ಕೆ ಎರವಾಗದಿರಲಿ ಎಂಬ ಬೇಡಿಕೆಯೂ ಆ ಪೂಜೆಯೊಳಗೇ ಇದೆ.

ಆದ್ದರಿಂದ ಇಂಥ ಕಾರು ಕೊಂಡ ಚಚಡಿಯ ಹುಡುಗ ಕಲಿಯಬೇಕಾದ ಜಾಗ ಊರ ಹೆದ್ದಾರಿಯಲ್ಲ. ಕೊಯಮತ್ತೂರಿನ ಬಳಿ 2.1 ಕಿ.ಮೀ. ಉದ್ದದ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ 3.7 ಕಿ.ಮೀ. ಸರ್ಕ್ಯೂಟ್ ಇದೆ. ಹಣ ಕೂಡಿಡುವಾಗಲೇ ಅಲ್ಲಿಯ ತರಬೇತಿಗೆ, ಎರಡು ಜೊತೆ ಹೆಚ್ಚಿನ ಟೈರಿಗೆ ಬೇಕಾದಷ್ಟನ್ನು ಬೇರೆಯಾಗಿ ತೆಗೆದಿಡಬೇಕು. ತಿರುವಿನಲ್ಲಿ ಕಾರು ಜಾರಿದಾಗ ಪಾದ ಏನು ಮಾಡುತ್ತದೆ ಎಂಬುದನ್ನು ಅಲ್ಲಿ, ಗುರುವೊಬ್ಬರು ಪಕ್ಕದ ಸೀಟಿನಲ್ಲಿ ಕೂತಿರುವಾಗ ಕಂಡುಕೊಳ್ಳಬೇಕು. ಅಲ್ಲಿ ಗಿರಕಿ ಹೊಡೆದರೆ ಕೆಡುವುದು ಟೈರು ಮತ್ತು ಜಂಬ ಮಾತ್ರ.