ನಿಂತುಹೋದ ಮಿದುಳಿಗೆ ಮರಳಿದ ಮನಸ್ಸು

ದೇಹದ ಹಂಗಿಲ್ಲದೆ ಮನಸ್ಸು ಇರಬಲ್ಲುದೇ ಎಂಬ ಚರ್ಚೆ ಬಂದಾಗಲೆಲ್ಲ 1991ರ ಒಂದು ಶಸ್ತ್ರಚಿಕಿತ್ಸೆಯನ್ನು ಸಾಕ್ಷಿಗೆ ಕರೆಯುತ್ತಾರೆ. ಅಮೆರಿಕದ ಫೀನಿಕ್ಸ್‌ನ ಬ್ಯಾರೋ ನ್ಯೂರೊಲಾಜಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ರಾಬರ್ಟ್ ಸ್ಪೆಟ್ಜ್ಲರ್ ಅದನ್ನು ನಡೆಸಿದರು. ಗಾಯಕಿಯೊಬ್ಬರ ಮಿದುಳಿನ ಬುಡದಲ್ಲಿ ಬೇಸಿಲರ್ ಧಮನಿಯ ಗೋಡೆ ಭಾರಿಯಾಗಿ ಉಬ್ಬಿತ್ತು. ಇಂಥ ಅನ್ಯೂರಿಸಂನ ಬುಡಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕ್ಲಿಪ್ ಹಾಕಬೇಕು. ರಕ್ತ ತುಂಬಿ ಬಿಗಿದಿರುವಾಗ ಮುಟ್ಟಿದರೆ ಅದು ಒಡೆಯಬಹುದು. ಅದಕ್ಕಾಗಿ ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ದೇಹವನ್ನು ಸುಮಾರು 15 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ, ಹೃದಯ ನಿಲ್ಲಿಸಿ, ತಲೆಯ ರಕ್ತ ಬಸಿದರು. ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಗೆರೆ ಸಪಾಟಾಯಿತು. ಕಿವಿಯಲ್ಲಿಟ್ಟ ಯಂತ್ರದ ಟಕಟಕ ಸದ್ದಿಗೆ ಮಿದುಳುಕಾಂಡವೂ ಸ್ಪಂದಿಸಲಿಲ್ಲ. ಚೇತರಿಸಿಕೊಂಡ ಮೇಲೆ ಆಕೆ, ಮೂಳೆ ಕೊಯ್ಯುವ ಗರಗಸ ಎಲೆಕ್ಟ್ರಿಕ್ ಟೂತ್‌ಬ್ರಷ್‌ನಂತಿತ್ತು, ರಕ್ತನಾಳ ತೀರಾ ಸಣ್ಣದೆಂದು ಹೆಂಗಸೊಬ್ಬಳು ಹೇಳಿದ್ದು ಕೇಳಿಸಿತು ಎಂದರು. ಬೆಳಕನ್ನೂ ತೀರಿಹೋದ ಬಂಧುಗಳನ್ನೂ ಕಂಡೆನೆಂದರು.

ಆಕೆಯ ಮಾತಿನ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಕಾರಣವಿಲ್ಲ. ಆದರೆ ಗರಗಸ, ಮಾತು ಎರಡೂ ತಲೆಬುರುಡೆ ತೆರೆಯುತ್ತ, ಹಾರ್ಟ್-ಲಂಗ್ ಯಂತ್ರಕ್ಕೆ ಜೋಡಿಸಲು ತೊಡೆಸಂದಿಯ ನಾಳ ಹುಡುಕುತ್ತಿದ್ದ ಹೊತ್ತಿನವು. ಆಗಿನ್ನೂ ದೇಹ ತಣಿಸಲು ತೊಡಗಿರಲಿಲ್ಲ, ಮಿದುಳು ನಿಂತಿರಲಿಲ್ಲ. ಆಳವಾದ ಅರಿವಳಿಕೆಯಲ್ಲಿ, ಕಿವಿ ಮುಚ್ಚಿದ್ದಾಗ ಕೇಳಿಸಿದ್ದು ಹೇಗೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಅದು ಅರಿವಳಿಕೆ ಎಷ್ಟು ಆಳವಾಗಿತ್ತೆಂಬ ಪ್ರಶ್ನೆ, ಮಿದುಳಿಲ್ಲದೆ ಮನಸ್ಸಿತ್ತೇ ಎಂಬುದಲ್ಲ. ಬೆಳಕಿನ ದರ್ಶನಕ್ಕಂತೂ ಗಡಿಯಾರದ ಗುರುತೇ ಇಲ್ಲ. ತಣಿಯುವಾಗಲೋ ಮತ್ತೆ ಬಿಸಿಯೇರುವಾಗಲೋ ಅದು ಆಗಿರಬಹುದು.

ನನ್ನನ್ನು ಹೆಚ್ಚು ಕಾಡುವುದು ಆಕೆ ಮರಳಿದ್ದು. ಚಟುವಟಿಕೆಯೆಲ್ಲ ನಿಂತ ಮೇಲೂ ಅದೇ ನೆನಪು, ಅದೇ ಸ್ವಭಾವದ ಅದೇ ವ್ಯಕ್ತಿ ಎದ್ದದ್ದು ಹೇಗೆ? ಮಲಗಿದವನೇ ಎದ್ದನೆಂಬುದಕ್ಕೆ ನೆನಪನ್ನೂ ಒಂದು ಆಧಾರವಾಗಿ ಬ್ರಹ್ಮಸೂತ್ರ ಕೊಡುತ್ತದೆ. ಆದರೆ ಆ ನೆನಪು ಎಲ್ಲಿ ಉಳಿದಿತ್ತು? ನಿರೋಧಸಮಾಪತ್ತಿ ಎಂಬ ಧ್ಯಾನಸ್ಥಿತಿಯಲ್ಲಿ ಚಿತ್ತ ಪೂರ್ತಿ ನಿಂತರೆ ಮತ್ತೆ ಹುಟ್ಟುವುದು ಯಾವುದರಿಂದ ಎಂದು ಅಭಿಧರ್ಮಕೋಶ ಭಾಷ್ಯದಲ್ಲಿ ಬೌದ್ಧ ಆಚಾರ್ಯ ವಸುಬಂಧು ಕೇಳುತ್ತಾನೆ. ಇಂದ್ರಿಯಸಹಿತವಾದ ದೇಹ ಮತ್ತು ಚಿತ್ತ ಒಂದಕ್ಕೊಂದು ಬೀಜ ಎಂಬ ಪೂರ್ವಾಚಾರ್ಯರ ಉತ್ತರವನ್ನು ಅಲ್ಲಿ ದಾಖಲಿಸುತ್ತಾನೆ. ಫೀನಿಕ್ಸ್‌ನ ಸಾಕ್ಷ್ಯ ಈ ಉತ್ತರಕ್ಕೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ವಾದ. ಹರಿವು ನಿಂತಿತ್ತು, ಕೋಶಗಳ ಹೆಣಿಗೆ ತಂಪಿನಲ್ಲಿ ಕೆಡದೆ ಉಳಿದಿತ್ತು. ಮನಸ್ಸಿಗೂ ಸಾಕ್ಷಿಯಾಗಿರುವ ಶುದ್ಧ ಅರಿವು, ಸಾಕ್ಷಿಚೈತನ್ಯ, ಆಗಲೂ ಇತ್ತೆಂದು ವೇದಾಂತಿ ಹೇಳಬಹುದು. ಅದನ್ನು ಇಇಜಿ ಅಲ್ಲಗಳೆಯಲಾರದು, ಹಾಗೆಯೇ ಸಮರ್ಥಿಸಲೂ ಆರದು. ಶ್ರುತಿಯ ಮೇಲೆ ನಿಂತ ಮಾತನ್ನು ಆಪರೇಷನ್ ಥಿಯೇಟರಿನ ದಾಖಲೆಗೆ ಅಡವಿಡುವುದು ಶ್ರದ್ಧೆಗೇ ಒಳ್ಳೆಯದಲ್ಲ. ಆದರೆ ವ್ಯಕ್ತಿಯ ಮನಸ್ಸೇ ಬೇರೆಲ್ಲೋ ಕಾದಿತ್ತೆನ್ನುವವರು ಒಂದಕ್ಕೆ ಉತ್ತರಿಸಬೇಕು: ರಕ್ತ ನಿಂತ ನಿಮಿಷಗಳು ಹೆಚ್ಚಿದಂತೆ ಮರಳುವಿಕೆ ಏಕೆ ಅರೆಬರೆಯಾಗುತ್ತದೆ? ಮಿದುಳು ಬರೀ ವಾದ್ಯ; ವೀಣೆ ಮುರಿದಿದೆ, ವೈಣಿಕ ಕ್ಷೇಮ ಎನ್ನುತ್ತಾರೆ. ಆದರೆ ಮಿದುಳು ಕೆಟ್ಟವರಲ್ಲಿ ಎಷ್ಟೋ ಸಲ ನುಡಿಸುವ ಶಕ್ತಿಯ ಜೊತೆಗೆ ರಾಗವೂ ಹೋಗಿರುತ್ತದೆ, ಹೋಯಿತೆಂಬ ಅರಿವೂ ಇರುವುದಿಲ್ಲ.