ಸಾಕು ಅನ್ನುವಷ್ಟು ವ್ಯಾಟ್

ಬೋರ್‌ವೆಲ್ ಮೋಟಾರು ಸುಟ್ಟುಕೊಂಡು ಗುಬ್ಬಿಯ ನನ್ನ ವೈಂಡಿಂಗ್ ಅಂಗಡಿಗೆ ಬರುವವರದು ಸಾಮಾನ್ಯವಾಗಿ ಒಂದೇ ವರಾತ: "ಅಣ್ಣ, ಇದು ಐದು ಎಚ್‌ಪಿ, ಈ ಸಲ ಏಳೂವರೆ ಇಳಿಸಿಬಿಡ್ತೀನಿ." ಎಚ್‌ಪಿ ಏರಿಸಿದರೆ ಭೂಮಿಯಲ್ಲಿ ನೀರು ಹುಟ್ಟುತ್ತದೆಯೇ? ಇದ್ದ ನೀರು ಬೇಗ ಮುಗಿಯುತ್ತದೆ, ಮೋಟಾರು ಒಣಗಿ ಓಡುತ್ತದೆ, ಮತ್ತೆ ನನ್ನ ಮೇಜಿಗೇ ಬರುತ್ತದೆ. ತಾಮ್ರ ಸುತ್ತಿ ಹೊಟ್ಟೆ ಹೊರೆಯುವ ನಾನು ಇದನ್ನು ಜೋರಾಗಿ ಹೇಳಬಾರದು, ಅಷ್ಟೆ.

ಈಗ ನನ್ನ ಹಳೇ ಸೈಕಲ್ಲಿಗೆ ಮೋಟಾರು ಕೂರಿಸುವ ಸರದಿ. ತಾಮ್ರದ ತಂತಿ ತರಲು ತುಮಕೂರಿನ ಮಂಡಿಪೇಟೆಗೆ ಹೋಗಬೇಕು. ಸುಮಾರು 20 ಕಿ.ಮೀ. ಮಂಡಿ ನೋವು ಬೇರೆ. ಅಂಗಡಿಯ ಹುಡುಗ, "1000 ವ್ಯಾಟ್‌ದೇ ಹಾಕಿ, ಬೈಕ್ ಥರ ಹೋಗುತ್ತೆ" ಅಂದ. ಬೈಕ್ ಥರ ಹೋಗಬೇಕಾದರೆ ಬೈಕೇ ಇದೆಯಲ್ಲ!

ಮೂರು ಬಗೆ ನೋಡಿದೆ. ಗೇರಿಲ್ಲದ ಹಬ್ ಮೋಟಾರನ್ನು ಕೈಯಲ್ಲಿ ತಿರುಗಿಸಿದರೆ ಒಳಗಿನ ಅಯಸ್ಕಾಂತಗಳು ತಡೆತಡೆದು ಬಿಡುತ್ತವೆ. ಸವೆಯಲು ಬೇರಿಂಗ್ ಬಿಟ್ಟರೆ ಏನೂ ಇಲ್ಲ, ಬ್ರೇಕ್ ಹಿಡಿದರೆ ಬ್ಯಾಟರಿಗೆ ಚೂರು ವಾಪಸು ತುಂಬಲೂಬಹುದು. ಆದರೆ ಭಾರ, ಕರೆಂಟು ಆರಿಸಿದ ಮೇಲೂ ಕಾಲಿಗೆ ಅಡ್ಡಿ. ಗೇರ್ ಹಬ್ ಬಿಚ್ಚಿದರೆ ಗ್ರೀಸ್ ಮೆತ್ತಿದ ನೈಲಾನ್ ಹಲ್ಲುಚಕ್ರಗಳು, ನಡುವೆ ಒಂದು ಕ್ಲಚ್. ಆರಿಸಿದ ಕ್ಷಣ ಚಕ್ರದ ಕೈಬಿಡುತ್ತದೆ, ತಾನಿದ್ದೇನೆ ಅನ್ನುವುದಿಲ್ಲ. ನೈಲಾನ್ ಎಂದಾದರೂ ಸವೆದೀತು, ಬದಲಿಸಿದರಾಯಿತು. ಮೂರನೆಯದು ಪೆಡಲಿನ ಅಚ್ಚಿನ ಹತ್ತಿರ ಕೂತು ಸರಪಳಿಯನ್ನೇ ಎಳೆಯುವಂಥದ್ದು. ಅದರಲ್ಲಿ ಟಾರ್ಕ್ ಸೆನ್ಸರ್ ಇದ್ದರೆ ನಾವು ಒತ್ತಿದಷ್ಟಕ್ಕೆ ತಕ್ಕಷ್ಟೇ ತಾನೂ ಒತ್ತುತ್ತದೆ.

ಇದನ್ನೆಲ್ಲ ಕೇಳಿ ಕುಣಿಗಲ್ಲಿನ ನಮ್ಮ ಅಯ್ಯಂಗಾರ್ ಮೇಷ್ಟ್ರು ಶುರು ಹಚ್ಚಿಕೊಂಡರು. "ನೋಡ್ರೀ, ಇದು ದೇವರ ಕೃಪೆ ಹೇಗೆ ಸಿಗುತ್ತೆ ಅನ್ನೋ ನಮ್ಮ ವಡಗಲೆ-ತೆಂಗಲೆ ಜಗಳ. ಕೋತಿಮರಿ ತಾನೇ ತಾಯಿಯನ್ನು ಹಿಡಿದುಕೊಳ್ಳಬೇಕು. ಅದು ಮರ್ಕಟ ನ್ಯಾಯ, ನಿಮ್ಮ ಟಾರ್ಕ್ ಸೆನ್ಸರ್. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿ ಕಚ್ಚಿಕೊಂಡು ಹೋಗುತ್ತೆ. ಮಾರ್ಜಾಲ ನ್ಯಾಯ, ತುಳಿಯದೆ ಕೈ ತಿರುಪಿದರೂ ಓಡಿಸುವ ಥ್ರಾಟಲ್." ಮೇಷ್ಟ್ರು ವಡಗಲೆ, ಒಲವು ಎತ್ತ ಅನ್ನುವುದು ಗೊತ್ತೇ ಇದೆ.

ನಾನು ಒಪ್ಪಲಿಲ್ಲ. ಒತ್ತಿದಷ್ಟೇ ಕೊಡುವುದು ಲೆಕ್ಕ, ಕೃಪೆ ಹೇಗಾದೀತು? ಕಾಲು ಸೋತ ದಿನವೇ ಅದೂ ಕಡಿಮೆ ಕೊಡುತ್ತದಲ್ಲ! ಹಾಗಂತ ಬೆಕ್ಕಿನ ಪಕ್ಷವೂ ನನಗೆ ಹಿಡಿಸದು. ನಾವು ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು, ಕಾಯಕ ಅನ್ನುವುದು ತಲೆಯಲ್ಲಿ ಕೂತಿದೆ. ಆದರೆ ಕಾಯಕ ಅಂದರೆ ಮೈ ದಣಿಸುವುದೊಂದೇ ಅಲ್ಲ. ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು: ಕಲ್ಯಾಣದಲ್ಲಿ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಮಾರಯ್ಯ ಮೈಗಳ್ಳನಲ್ಲ, ಆ ದಿನ ಹೆಚ್ಚೇ ಬಗ್ಗಿ ಆಯ್ದಿದ್ದ. ಲಕ್ಕಮ್ಮ ನೋಡಿದ್ದು ಬೆವರನ್ನಲ್ಲ, ಅಳತೆಯನ್ನು. ಮೇಷ್ಟ್ರ ಕೋತಿ, ಬೆಕ್ಕು ಎರಡೂ ದುಡಿದವರು ಯಾರು ಅಂತ ಕೇಳುತ್ತವೆ. ಈಕೆ ಎಷ್ಟು ಬೇಕಿತ್ತು ಅಂತ ಕೇಳುತ್ತಾಳೆ.

ಲೆಕ್ಕ ಹಾಕಿದೆ. ಜೊತೆಗೆ ಪೆಡಲ್ ತುಳಿದರೆ ಕಿಲೋಮೀಟರಿಗೆ 10ರಿಂದ 15 ವ್ಯಾಟ್-ಅವರ್. ಮಂಡಿಪೇಟೆಗೆ ಹೋಗಲು 300 ಸಾಕು. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ಇದೆ. ಅಲ್ಲಿ ಚಾರ್ಜಿಗಿಟ್ಟು ತಂತಿ ಕೊಂಡು ವಾಪಸು ಬರಬಹುದು. ಮೋಟಾರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರಬೇಕು ಅನ್ನುವ ಸರ್ಕಾರದ ಗೆರೆಯನ್ನು ನನ್ನ ಮಂಡಿ ದಾಟುವುದೇ ಇಲ್ಲ. ಬ್ರೇಕಿನಲ್ಲಿ ವಾಪಸು ಬರುವ ಕರೆಂಟಿನ ಆಸೆಯನ್ನೂ ಬಿಟ್ಟೆ, ಬಿ.ಎಚ್. ರಸ್ತೆಯಲ್ಲಿ ಅಂಥ ಇಳಿಜಾರು ಎಲ್ಲಿದೆ?

ಗೇರ್ ಹಬ್ಬನ್ನೇ ಹಿಂದಿನ ಚಕ್ರಕ್ಕೆ ಕಟ್ಟುತ್ತಿದ್ದೇನೆ. ಥ್ರಾಟಲ್ಲೂ ಇರುತ್ತದೆ, ನಿಂತಲ್ಲಿಂದ ಹೊರಡಲು. ಅದಕ್ಕೆ ಮೇಷ್ಟ್ರು, "ಅಂತೂ ನಾಲ್ಕು ಮಾರು ಬೆಕ್ಕಿನ ಬಾಯಲ್ಲೇ ಹೋಗ್ತೀರಿ ಅನ್ನಿ" ಅಂತ ನಕ್ಕರು. ಅವರಿಗೆ ಆಗಾಗ ದೇವರಾಯನದುರ್ಗ ಹತ್ತಿ ಯೋಗಾನರಸಿಂಹನನ್ನು ನೋಡಬೇಕು. ಆ ಏರಿಗೆ ಸರಪಳಿ ಎಳೆಯುವ ಮೋಟಾರೇ ಸರಿ, ಸೈಕಲ್ಲಿನ ಸಣ್ಣ ಗೇರು ಅದಕ್ಕೂ ಸಿಗುತ್ತದೆ. ಅವರದನ್ನೂ ನಾನೇ ಕಟ್ಟಿಕೊಡಬೇಕಂತೆ.