ಸರ್ವರೋಗನಿವಾರಿಣಿಯೂ ಉಪವಾಸವ್ರತವೂ

ಎಲ್ಲ ರೋಗಗಳನ್ನೂ ಒಂದೇ ಔಷಧದಿಂದ ನೀಗಬೇಕೆಂಬುದು ಮಾನವನ ಬಹು ಪ್ರಾಚೀನವಾದ ಆಸೆ. ಆಂಗ್ಲಭಾಷೆಯಲ್ಲಿ ಅಂತಹ ಔಷಧಕ್ಕೆ ‘ಪನೇಸಿಯಾ’ ಎಂಬ ಹೆಸರುಂಟು. ಅದು ಲ್ಯಾಟಿನ್ನಿನ ಮೂಲಕ ಬಂದ ಗ್ರೀಕ್ ಶಬ್ದ. ‘ಪ್ಯಾನ್’ ಎಂದರೆ ಸರ್ವ. ‘ಆಕೋಸ್’ ಎಂದರೆ ಚಿಕಿತ್ಸೆ. ಗ್ರೀಕರ ಪುರಾಣದಲ್ಲಿ ಪನಾಕೇಯಾ ಎಂಬವಳು ವೈದ್ಯದೇವತೆಯಾದ ಅಸ್ಕ್ಲೇಪಿಯಸನ ಮಗಳು. ಆರೋಗ್ಯದ ಅಧಿದೇವತೆಯಾದ ಹೈಜಿಯಾ ಆಕೆಯ ಸೋದರಿ. ಹಿಪಾಕ್ರಟೀಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವೈದ್ಯರ ಪ್ರತಿಜ್ಞೆಯಲ್ಲಿ ಈ ಇಬ್ಬರೂ ಸ್ಮರಿಸಲ್ಪಟ್ಟಿದ್ದಾರೆ. 1753ರಲ್ಲಿ ಲಿನೇಯಸನು ಒಂದು ಸಸ್ಯಕುಲಕ್ಕೆ ‘ಪ್ಯಾನಾಕ್ಸ್’ ಎಂದು ಹೆಸರಿಟ್ಟದ್ದೂ ಇದೇ ಮೂಲದಿಂದ; ಜಿನ್ಸೆಂಗ್ ಆ ಕುಲಕ್ಕೆ ಸೇರಿದೆ.

ಆದರೆ ಶಬ್ದವಿದ್ದ ಮಾತ್ರಕ್ಕೆ ವಸ್ತುವಿರಬೇಕೆಂಬ ನಿಯಮವಿಲ್ಲ. ರೋಮಿನ ನೀರೋ ಚಕ್ರವರ್ತಿಯ ವೈದ್ಯನಾದ ಆಂಡ್ರೋಮಾಕಸನು ಹೆಸರಾಂತ ‘ಥೀರಿಯಾಕ’ವನ್ನು ಸಿದ್ಧಪಡಿಸಿದನು. ಅದರಲ್ಲಿ 60ಕ್ಕೂ ಹೆಚ್ಚು ದ್ರವ್ಯಗಳಿದ್ದವು. ಸರ್ಪದ ಮಾಂಸವೂ ಇತ್ತು. ವಿಷಕ್ಕೆಂದು ಹುಟ್ಟಿದ ಆ ಮದ್ದನ್ನು ಜನರು ಕ್ರಮೇಣ ಸಕಲ ವ್ಯಾಧಿಗಳಿಗೂ ಬಳಸಿದರು. 1745ರಲ್ಲಿ ವಿಲಿಯಂ ಹೆಬರ್ಡೆನ್ ಎಂಬ ಆಂಗ್ಲ ವೈದ್ಯನು ಅದನ್ನು ಖಂಡಿಸಿ ಪುಸ್ತಿಕೆ ಬರೆಯುವ ವೇಳೆಗೆ ಹದಿನಾರು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಈ ಇತಿಹಾಸ ನಮಗೇಕೆ? ಉಪವಾಸವೇ ಸರ್ವರೋಗಕ್ಕೂ ರಾಮಬಾಣವೆಂಬ ಮಾತು ನಮ್ಮಲ್ಲಿಯೂ ಕೇಳಿಬರುತ್ತಿದೆ. ಇದು ವ್ರತವನ್ನು ಹೊಗಳುವ ಮಾತಿನಂತೆ ತೋರುತ್ತದೆ. ವಿಚಾರಿಸಿದರೆ ವ್ರತಕ್ಕೆ ಕುಂದು ತರುವ ಮಾತು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವನು ವೈದ್ಯರನ್ನು ಕೇಳದೆ ನಿರಾಹಾರನಾದರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಅಂತಹವನಿಗೆ “ಉಪವಾಸ ಮಾಡು, ಎಲ್ಲವೂ ಗುಣವಾಗುವುದು” ಎನ್ನುವವನ ಅಹಿಂಸಾವ್ರತ ಉಳಿಯಿತೇ?

“ತಪಸ್ಸಿನಿಂದ ಕರ್ಮನಿರ್ಜರೆ, ವ್ಯಾಧಿಯಾದರೋ ಅಸಾತಾವೇದನೀಯ ಕರ್ಮದ ಫಲ. ಆದಕಾರಣ ತಪಸ್ಸಿನಿಂದ ವ್ಯಾಧಿ ಏಕೆ ಹೋಗಬಾರದು?” ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದರೆ ಇಂತಹ ಕರ್ಮ ಇಂತಹ ದಿನವೇ ತೊಲಗಲೆಂದು ಕರಾರು ಮಾಡಿಕೊಂಡು ಕೈಗೊಂಡ ವ್ರತವು ವ್ಯಾಪಾರವಾಗುತ್ತದೆ. ಫಲಾಪೇಕ್ಷೆಗೆ ನಮ್ಮ ಆಚಾರ್ಯರು ‘ನಿದಾನ’ವೆಂದು ಹೆಸರಿಟ್ಟು, ಮಾಯಾ ಮಿಥ್ಯಾತ್ವಗಳೊಡನೆ ಅದನ್ನು ಶಲ್ಯಗಳಲ್ಲಿ ಎಣಿಸಿದ್ದಾರೆ. ಶಲ್ಯವೆಂದರೆ ಒಳಗೆ ನಾಟಿದ ಮುಳ್ಳು. ಅದನ್ನು ಕೀಳದವನು ವ್ರತಿಯೇ ಅಲ್ಲವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ.

ಮತ್ತೊಂದು ಸಂಗತಿಯುಂಟು. ಉಪವಾಸವೊಂದೇ ಸಾಕಾಗಿದ್ದರೆ ಆಹಾರ, ಶಾಸ್ತ್ರ, ಅಭಯದಾನಗಳೊಡನೆ ಔಷಧದಾನವನ್ನು ಬೇರೆಯಾಗಿ ಹೇಳುವ ಅಗತ್ಯವೇನಿತ್ತು? ಉಗ್ರಾದಿತ್ಯಾಚಾರ್ಯರು ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆಗಳನ್ನು ‘ಕಲ್ಯಾಣಕಾರಕ’ದಲ್ಲಿ ವಿಸ್ತಾರವಾಗಿ ನಿರೂಪಿಸುವ ಶ್ರಮವಾದರೂ ಏತಕ್ಕೆ? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸು ‘ಶಕ್ತಿಗೆ ತಕ್ಕಂತೆ’ ಎಂದೇ ವಿಧಿಸಲ್ಪಟ್ಟಿದೆ. ದೇಹದ ಬಲವನ್ನು ಅರಿತು ನಡೆಯುವುದು ಶ್ರದ್ಧೆಯ ಕೊರತೆಯಲ್ಲ, ಶಾಸ್ತ್ರದ ಪಾಲನೆ.

ಹಾಗಾದರೆ ಉಪವಾಸವು ಯಾವ ರೋಗಕ್ಕೆ ಮದ್ದು? ರಸನೇಂದ್ರಿಯದ ದಾಸ್ಯಕ್ಕೆ, ‘ನನಗೆ ಬೇಕು’ ಎಂಬ ಹಂಬಲಕ್ಕೆ. ಆ ಹಂಬಲವನ್ನೇ ಹೊತ್ತು ಉಪವಾಸಕ್ಕೆ ಕುಳಿತವನು ಮದ್ದಿನೊಡನೆ ಅಪಥ್ಯವನ್ನೂ ಸೇವಿಸಿದಂತೆ. ರೋಗಪೀಡಿತರು ಔಷಧವನ್ನು ಬಿಡದೆ, ತಮಗೆ ಸಾಧ್ಯವಾದ ರಸಪರಿತ್ಯಾಗವನ್ನೋ ಸ್ವಾಧ್ಯಾಯವನ್ನೋ ಕೈಗೊಳ್ಳಲಿ. ಅವೂ ದ್ವಾದಶ ತಪಸ್ಸುಗಳಲ್ಲಿಯೇ ಸೇರಿವೆ. ಆರೋಗ್ಯವಂತರು ನೆರೆಯ ರೋಗಿಗೆ ಮದ್ದು ತಂದುಕೊಡಲಿ. ವೈಯಾವೃತ್ಯವೂ ತಪಸ್ಸೇ ಎಂಬುದನ್ನು ಶ್ರಾವಕ ಬಂಧುಗಳು ಮರೆಯಬಾರದು.